ಮತ್ಸ್ಯಪೀಠ ಜಲದೋಷ ನಿರ್ಣಯ

ಮೀನಿನ ಟ್ಯಾಂಕ್ ಹೊರುವ ಮರದ ಸ್ಟ್ಯಾಂಡಿಗೆ ಈ ಶಾಸ್ತ್ರದಲ್ಲಿ ಮತ್ಸ್ಯಪೀಠವೆಂದು ಹೆಸರು. ಅದರ ಲಕ್ಷಣ: ಮೇಲೆ ನೀರು, ಕೆಳಗೆ ಫರಸಿ, ನಡುವೆ ಬಡಿಗೇರರ ಮೇಲಿನ ನಂಬಿಕೆ. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ತುಂಬಿದರೆ ನೀರೇ ಸುಮಾರು 127 ಲೀಟರ್, ಎಂದರೆ 127 ಕಿಲೋ. ಗಾಜು, ಹರಳು ಸೇರಿದರೆ ಗಂಗಾವತಿಯ ರೈಸ್ ಮಿಲ್ಲಿನಲ್ಲಿ 75 ಕಿಲೋದ ಎರಡು ಚೀಲ ಭತ್ತವನ್ನು ಹಗಲೂ ರಾತ್ರಿ ಇಳಿಸದೆ ಹೊತ್ತು ನಿಂತಂತೆ. ಹಮಾಲರಿಗಾದರೂ ಚಹಾಕ್ಕೆ ಬಿಡುವುಂಟು.

ಪೀಠಕ್ಕೆ ತಗಲುವ ಜಲದೋಷ ನಾಲ್ಕು ಬಗೆ: ಊರ್ಧ್ವಜಲ, ಪಾರ್ಶ್ವಜಲ, ಗುಪ್ತಜಲ, ಅಧೋಜಲ.

ಇಲ್ಲಿ ಪೂರ್ವಪಕ್ಷವೊಂದಿದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ದೋಷವನ್ನು ತಾಲೂಕುವಾರು ವಿಂಗಡಿಸಬೇಕೆಂದು ಕೆಲವರ ವಾದ. ತುಂಗಭದ್ರಾ ಎಡದಂಡೆ ಕಾಲುವೆ, ಗದ್ದೆಗಳಿರುವ ಗಂಗಾವತಿಯಲ್ಲಿ ಮರ ಕೊಳೆಯುತ್ತದೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದಲ್ಲಿ ಕೊಳೆಯಲು ನೀರೆಲ್ಲಿದೆ? ಕೊಪ್ಪಳದ್ದು ಇವೆರಡರ ಮಿಶ್ರದೋಷ. ಕೇಳಲು ಚೆಂದವಿದೆ. ಆದರೆ ಒಣನಾಡಿನ ಬೇಸಿಗೆಯಲ್ಲಿ ಹಲಗೆ ಕುಗ್ಗಿ ಬಣ್ಣ ಬಿರಿಯುತ್ತದೆ, ಆ ಬಿರುಕೇ ಮುಂದೆ ನೀರಿಗೆ ಬಾಗಿಲು. ಮೇಲಾಗಿ ಕಾರಟಗಿ, ಕನಕಗಿರಿ, ಕುಕನೂರು ಹೊಸ ತಾಲೂಕುಗಳಾಗಿ ಜಿಲ್ಲೆಯಲ್ಲಿ ತಾಲೂಕು ಏಳಾದವು, ದೋಷ ಏಳಾಗಲಿಲ್ಲ. ಆದ್ದರಿಂದ ಈ ಪಕ್ಷ ತ್ಯಾಜ್ಯ.

ಊರ್ಧ್ವಜಲವೆಂದರೆ ನೀರು ಬದಲಿಸುವಾಗ ಚೆಲ್ಲುವುದು, ಗಾಳಿಗುಳ್ಳೆ ಒಡೆದು ಸಿಡಿಯುವುದು, ನೆಂಟರ ಮಕ್ಕಳು ಕೈ ಅದ್ದುವುದು. ನಮ್ಮ ಬೋರ್‌ವೆಲ್ ನೀರು ಗಡಸು. ಹನಿ ಒಣಗಿದ ಕಡೆ ಬಿಳಿ ಉಪ್ಪಿನ ಗೆರೆ ಬಿಟ್ಟು ತಾನೇ ಸಾಕ್ಷಿ ಹೇಳುತ್ತದೆ. ಕಣ್ಣಿಗೆ ಬೀಳುವುದರಿಂದ ಮನೆಯವರು ಒರೆಸುತ್ತಾರೆ. ಹೆಚ್ಚು ಬರೆಯಬೇಕಾದ್ದಿಲ್ಲ.

ಪಾರ್ಶ್ವಜಲಕ್ಕೆ ಮುಖ್ಯ ಕಾರಣ ಏರ್ ಕೂಲರ್. ಏಪ್ರಿಲ್-ಮೇನಲ್ಲಿ ಮನುಷ್ಯರಿಗೆಂದು ತಂದ ಕೂಲರಿನ ಹಸಿ ಗಾಳಿ ಸ್ಟ್ಯಾಂಡಿನ ಪಕ್ಕೆಗೇ ಬಡಿಯುತ್ತದೆ. ಸ್ಟ್ಯಾಂಡಿಗೆ ಬಾಗಿಲಿದ್ದು ಹಿಂಬದಿ ಮುಚ್ಚಿದ್ದರೆ ಒಳಗೆ ಆ ತೇವ ಹೋಗದೆ ಕೂತು ಬೂಷ್ಟು ಹಿಡಿಯುತ್ತದೆ. ಹಿಂಬದಿ ತೆರೆದಿಡಿ, ಗೋಡೆಯಿಂದ ನಾಲ್ಕು ಬೆರಳು ಸರಿಸಿ.

ಗುಪ್ತಜಲ ರಾತ್ರಿ ಸಂಚಾರಿ. ಗಾಳಿ ಪಂಪನ್ನು ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಇಟ್ಟವರಿಗೆ ಮಾತ್ರ ಇದರ ದರ್ಶನ. ಕರೆಂಟು ಹೋಯಿತು, ಪಂಪು ನಿಂತಿತು. ಗಾಳಿ ಏರುತ್ತಿದ್ದ ನಳಿಕೆಯಲ್ಲೇ ನೀರು ಇಳಿದು ಪಂಪಿನೊಳಗೆ, ಅಲ್ಲಿಂದ ಹಲಗೆಯ ಮೇಲೆ ಹನಿಹನಿಯಾಗಿ ಸೇರುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಬೇಕು, ಇಲ್ಲವೆ ನಳಿಕೆಗೆ ಹಿಂದಕ್ಕೆ ಹರಿಯಗೊಡದ ಪುಟ್ಟ ವಾಲ್ವ್ ಹಾಕಬೇಕು. ಬೆಲೆಯಲ್ಲಿ ಇಷ್ಟು ಚಿಕ್ಕದು, ಪುಣ್ಯದಲ್ಲಿ ಇಷ್ಟು ದೊಡ್ಡದು ಈ ಶಾಸ್ತ್ರದಲ್ಲಿ ಮತ್ತೊಂದಿಲ್ಲ.

ಇನ್ನು ಅಧೋಜಲ. ಮೇಲಿನ ಮೂರೂ ಸೇರಿ ಮಾಡದ ಹಾನಿ ಇದೊಂದೇ ಮಾಡುತ್ತದೆ. ಕಾರಣ ನೆಲ ಒರೆಸುವ ಅರಿವೆ. ದಿನಾ ಮುಂಜಾನೆ ಅದು ಸ್ಟ್ಯಾಂಡಿನ ಕಾಲು ಬಳಸಿ ಹೋಗುತ್ತದೆ. ಕಾಲಿಗೂ ಫರಸಿಗೂ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ನೀರು ಉಳಿಯುತ್ತದೆ. ಮರದ ನಾರು ಉದ್ದುದ್ದಕ್ಕೆ ಓಡುವುದರಿಂದ ಗರಗಸದಲ್ಲಿ ಅಡ್ಡ ಕೊಯ್ದ ತುದಿಯಲ್ಲಿ ಅದರ ನಾಳಗಳೆಲ್ಲ ಬಾಯಿ ತೆರೆದಿರುತ್ತವೆ, ಮತ್ತು ಆ ತುದಿಯೇ ನೆಲಕ್ಕೆ ಊರಿರುತ್ತದೆ. ತೇವ ಶೇಕಡಾ 20 ದಾಟಿ ಅಲ್ಲೇ ನಿಂತರೆ ಕೊಳೆ ಶುರು. ಆ ತೇವದ ಜಾಡು ಹಿಡಿದು ಗೆದ್ದಲು ಬರುತ್ತದೆ. ಕೊಪ್ಪಳದ ಬಡಿಗೇರರೊಬ್ಬರು ಸ್ಟ್ಯಾಂಡನ್ನು ತಲೆಕೆಳಗು ಮಾಡಿ ತೋರಿಸಿದರು: “ಮಾರಿಗೆ ಎರಡು ಕೋಟ್ ಹೊಡಸ್ತೀರಿ, ಪಾದಕ್ಕ ಒಂದು ಹನಿ ಇಲ್ಲ. ಅದು ನೀರು ಕುಡಿಯೂದು ಪಾದದಿಂದ್ರೀ ಸರ.” ಎದುರಿಗೆ ಫಳಫಳ ಪಾಲಿಶ್, ಅಡಿಗೆ ನೋಡಿದರೆ ನಾಲ್ಕು ಕಾಲಿಗೂ ಒಂದಿಂಚು ಕಪ್ಪು ಉಂಗುರ, ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗೆ.

ಮರವನ್ನು ಬೇಕೆಂದೇ ನೀರಿನಲ್ಲಿ ನಿಲ್ಲಿಸಿದ ಸಂಪ್ರದಾಯವೂ ನಮ್ಮಲ್ಲಿದೆ. ಹಾಲು-ಮೊಸರಿನ ಜಾಲರಿ ಕಪಾಟಿನ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತಿದ್ದರು. ಮೊಸರು ಉಳಿಯಿತು, ಕಪಾಟಿನ ಕಾಲು ಹೋಯಿತು. ಬಟ್ಟಲ ನಡುವೆ ಕಲ್ಲಿಟ್ಟು ಅದರ ಮೇಲೆ ಕಾಲು ಇರಿಸಿದವರಿಗೆ ಎರಡೂ ಉಳಿದವು.

ಪರಿಹಾರ ನಮ್ಮ ಹಳೆಯ ತೊಲೆ-ಕಂಬದ ಮನೆಗಳಲ್ಲೇ ಇದೆ. ಅಲ್ಲಿ ಯಾವ ಕಂಬವೂ ನೇರ ನೆಲಕ್ಕೆ ಊರಿಲ್ಲ. ಕೆಳಗೊಂದು ಕಲ್ಲಿನ ಪಾದ ಉಂಟು. ಕುಷ್ಟಗಿಯಿಂದ ಇಳಕಲ್ಲಿನ ಕಡೆಗೆ ಹೋದರೆ ಗ್ರಾನೈಟಿಗೆ ಬರವಿಲ್ಲ; ಅಂಗೈ ಅಗಲದ ನಾಲ್ಕು ಒಡಕು ತುಂಡು ಸಾಕು. ಮೊದಲು ಕಾಲಿನ ತುದಿಗಳನ್ನು ಚೆನ್ನಾಗಿ ಒಣಗಿಸಿ ಎಪಾಕ್ಸಿಯನ್ನೋ ಪಿಯು ಪಾಲಿಶನ್ನೋ ಕುಡಿಯುವಷ್ಟು ಕುಡಿಸಬೇಕು, ಆಮೇಲೆ ರಬ್ಬರ್ ಬುಷ್, ಅದರಡಿ ಕಲ್ಲು. ಪ್ಲೈವುಡ್ಡಾದರೆ ಕೊಯ್ದ ಅಂಚುಗಳಿಗೆಲ್ಲ ಇದೇ ಉಪಚಾರ. ಕಿನ್ನಾಳದ ಚಿತ್ರಗಾರರು ಗೊಂಬೆಯ ಸೇರುವೆಗಳನ್ನೆಲ್ಲ ಹುಣಸೆಬೀಜದ ಅಂಟಿನಿಂದ ಮುಚ್ಚಿದ ಮೇಲೆಯೇ ಬಣ್ಣ ಮುಟ್ಟುವುದು. ಆ ಅಂಟು ನೀರಿಗೆ ತಡೆಯದು. ಕಲಿಯಬೇಕಾದ್ದು ಅವರ ಕ್ರಮ.

ಕೊನೆಗೆ ಸಾಧ್ಯಾಸಾಧ್ಯ ವಿಚಾರ. ಸಾಗವಾನಿಯ ಕಾಲು ಕಪ್ಪಾಗಿದ್ದರೆ ಸಾಧ್ಯ: ಕೊಳೆತಷ್ಟು ಕೊಯ್ದು ಕಲ್ಲು ಏರಿಸಿ. ಐಎಸ್ 710 ಮುದ್ರೆಯ ಮರೀನ್ ಪ್ಲೈ, 72 ತಾಸು ಕುದಿಸಿದರೂ ಪದರ ಬಿಡಬಾರದೆಂಬ ಪರೀಕ್ಷೆಯದು, ಯಾಪ್ಯ: ಅಂಚು ಕಾಯುತ್ತಿದ್ದರೆ ಬಾಳುತ್ತದೆ. ಕಮರ್ಷಿಯಲ್ ಪ್ಲೈ ಕಷ್ಟಸಾಧ್ಯ. ಪಾರ್ಟಿಕಲ್ ಬೋರ್ಡ್ ಅಸಾಧ್ಯ. ಒಮ್ಮೆ ಉಬ್ಬಿದ್ದು ಒಣಗಿದರೂ ಮೊದಲಿನಂತಾಗದು, ಮೇಲೆ ಒಂದೂವರೆ ಕ್ವಿಂಟಲ್ ಬೇರೆ. ಅದಕ್ಕೆ ಚಿಕಿತ್ಸೆ ಹೇಳುವ ವೈದ್ಯನನ್ನು ನಂಬಬೇಡಿ. ಇವತ್ತೇ ಮೀನುಗಳನ್ನು ಬಕೆಟ್ಟಿಗೆ ಹಾಕಿ, ಟ್ಯಾಂಕ್ ಖಾಲಿ ಮಾಡಿ ಇಳಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಹೇಳಿಬನ್ನಿ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲವೇ ಎಂಬ ಆಕ್ಷೇಪ ಲೋಹಪೀಠ ಪ್ರಕರಣಕ್ಕೆ ಸೇರಿದ್ದು, ಅದು ಬೇರೆ ಗ್ರಂಥ.