ಮಾವಿನಕೆರೆಯಲ್ಲಿ ಹೆಬ್ಬಾತು ಬೇಟೆ

ಪೋತ್ನಾಳದವರು ಹಕ್ಕಿ ನೋಡಲು ರಾಯಚೂರಿಗೆ ಹೋಗಬೇಕಾದ ದರ್ದೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಭತ್ತದ ಗದ್ದೆಗೆ ಬಿತ್ತೆಂದರೆ ಬೆಳ್ಳಕ್ಕಿಗಳು ಟ್ರ್ಯಾಕ್ಟರಿನ ಹಿಂದೆಯೇ ಮೆರವಣಿಗೆ ಹೊರಡುತ್ತವೆ. ಆದರೆ ನಮ್ಮ ದೋಸ್ತ ದುರ್ಬೀನು ಕೊಂಡಿದ್ದಾನಲ್ಲ! ಪುಕ್ಕಟೆ ಕಾಣುವ ಹಕ್ಕಿ ಅವನ ಲೆಕ್ಕಕ್ಕಿಲ್ಲ. "ಮಂಗೋಲಿಯಾದಿಂದ ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ಬೇಕು" ಎಂದು ರಾಯಚೂರಿನ ಮಾವಿನಕೆರೆಗೆ ಎಳೆದೊಯ್ದ.

ಅಲ್ಲಿ ಸಿಕ್ಕಿದ್ದು ಗುಳುಮುಳುಕ. ದುರ್ಬೀನು ಹೊಂದಿಸುವಷ್ಟರಲ್ಲಿ ಮುಳುಗಿ, ಸಾಲ ತೀರಿಸದ ಗಿರಾಕಿಯ ಹಾಗೆ ಎಲ್ಲೋ ದೂರದಲ್ಲಿ ತಲೆ ಎತ್ತುತ್ತಿತ್ತು. ವಾಕಿಂಗಿಗೆ ಬಂದ ಅಜ್ಜ ನಿಂತರು.

"ಏನ್ ಹುಡುಕಾಕ ಹತ್ತೀರಿ? ಮೊಬೈಲ್ ಬಿದ್ದೈತೇನು?"

"ಇಲ್ಲರೀ ಅಜ್ಜಾ, ಮಂಗೋಲಿಯಾದ ಬಾತು."

"ನಾಷ್ಟಾ ಆಗೈತಿಲ್ಲೋ?" ಅಂದರು ಅಜ್ಜ, ಬಹಳ ಕಾಳಜಿಯಿಂದ.

ಹೆಬ್ಬಾತೇ ಬೇಕೆಂದು ಹಟ ಹಿಡಿದವರು ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. 2024ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಪಟ್ಟವೂ ಸಿಕ್ಕಿದೆ. ಹೊಲದಲ್ಲಿ ಮೇದು ಬಂದ ಹೆಬ್ಬಾತುಗಳು ಹಗಲಿಡೀ ಅಲ್ಲೇ ನೀರಲ್ಲಿ ತೂಕಡಿಸುತ್ತಿರುತ್ತವೆ. ನಾಷ್ಟಾ ಮಾತ್ರ ಮುಗಿಸಿಕೊಂಡೇ ಹೊರಡಿರಿ.