ಏನಂತ ಕೂಗುವುದು?

ಹಳೇ ಮೈಸೂರು ಕಡೆಯ ನಮ್ಮಂಥವರಿಗೆ ವಿಜಯಪುರ ಅಂದರೆ ಸಮಾಜ ಪಾಠದ ಎರಡು ಅಂಕ. ಗೋಳಗುಮ್ಮಟ ಕಟ್ಟಿಸಿದವನು ಮಹಮ್ಮದ್ ಆದಿಲ್ ಶಾ. ಅಲ್ಲಿ ಪಿಸುಗುಟ್ಟಿದರೂ ಆಚೆ ಬದಿಗೆ ಕೇಳಿಸುತ್ತದೆ. ಇಷ್ಟು ಬರೆದು ಅಂಕ ಗಿಟ್ಟಿಸಿಕೊಂಡ ಮೇಲೆ ಆ ಊರಿನ ಕಡೆ ತಲೆ ಹಾಕುವ ಪ್ರಸಂಗವೇ ಬರುವುದಿಲ್ಲ. ಊಟಿಗೆ ಹೋಗುತ್ತೇವೆ, ತಿರುಪತಿಗೆ ಹೋಗುತ್ತೇವೆ. ಅಲ್ಲಿ ನಮ್ಮ ಬೀದಿಯವರೇ ಸಿಗುತ್ತಾರೆ. ಕೊನೆಗೊಂದು ಶುಕ್ರವಾರ ಸಂಜೆ ನಾನು, ನನ್ನಾಕೆ, ಸೋದರತ್ತೆ ಮೂವರೂ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆವು. ತುಮಕೂರು ದಾಟುವ ಹೊತ್ತಿಗೆ ಅತ್ತೆ, "ಅಲ್ಲ ಕಣೋ, ಗೋರಿ ನೋಡೋಕೆ ಯಾರಾದ್ರೂ ರಾತ್ರಿಯೆಲ್ಲ ಪ್ರಯಾಣ ಮಾಡ್ತಾರೇನೋ?" ಅಂದರು. ಸಿದ್ಧೇಶ್ವರ ದೇವಸ್ಥಾನವೂ ಇದೆ ಎಂದು ಸಮಾಧಾನ ಮಾಡಿದೆ.

ಗುಮ್ಮಟ ಸ್ಟೇಷನ್ನಿಗೆ ಹತ್ತಿರವೇ ಕಾಣುತ್ತದೆ. ಕಂಡದ್ದೆಲ್ಲ ಹತ್ತಿರವಲ್ಲ ಎಂಬುದು ಬಯಲುಸೀಮೆಯ ಬಿಸಿಲಲ್ಲಿ ನಡೆದವರಿಗೆ ಗೊತ್ತು. ಆಟೋದವರು "ಬರ್ರಿ ಯಜಮಾನ್ರ, ಬಿಡ್ತೀನಿ" ಎಂದು ಕರೆದರೂ ನಾನು ಇಬ್ಬರನ್ನೂ ನಡೆಸಿಕೊಂಡೇ ಹೊರಟೆ. ಹೊಸ ಊರನ್ನು ಕಾಲಲ್ಲೇ ನೋಡಬೇಕು ಎಂಬ ಸಿದ್ಧಾಂತ ನನ್ನದು. ಆ ಸಿದ್ಧಾಂತಕ್ಕೆ ಖರ್ಚು ಕಡಿಮೆ.

ಆಮೇಲೆ ಮೂಲೆಯ ಗೋಪುರದೊಳಗಿನ ಮೆಟ್ಟಿಲು. ಏಳಂತಸ್ತು, ಇಕ್ಕಟ್ಟು, ಎತ್ತರದ ಹೆಜ್ಜೆ. ಇಳಿಯುವವರಿಗೆ ಹತ್ತುವವರು ಗೋಡೆಗೆ ಅಂಟಿ ದಾರಿ ಬಿಡಬೇಕು. ಮೇಲೆ ಹೋದರೆ 44 ಮೀಟರ್ ವ್ಯಾಸದ ಗುಮ್ಮಟ, ಅದರ ಬುಡಕ್ಕೆ ಒಳಸುತ್ತಿನ ಮೊಗಸಾಲೆ, ಮತ್ತು ಪ್ರವಾಸಕ್ಕೆ ಬಂದ ಒಂದು ಇಡೀ ಹೈಸ್ಕೂಲು. ಒಂದು ಶಿಳ್ಳೆ ಹಾಕಿದರೆ ಏಳೆಂಟು ಶಿಳ್ಳೆಯಾಗಿ ವಾಪಸು ಬರುತ್ತದೆ. ನೂರು ಮಕ್ಕಳಿಗೆ ಈ ಸಂಗತಿ ಗೊತ್ತಾದರೆ ಏನಾಗಬಹುದೋ ಅದು ಆಗುತ್ತಿತ್ತು. ಮೇಷ್ಟ್ರು "ಸೈಲೆನ್ಸ್" ಎಂದು ಕೂಗಿದರು. ಗುಮ್ಮಟ ಅದನ್ನೂ ಅಷ್ಟೇ ಸಲ ಕೂಗಿತು.

ನಾನು ಗಮನಿಸಿದ್ದು ಇದು. ದೊಡ್ಡವರು ಕೂಗುವ ಮೊದಲು ಒಂದು ಕ್ಷಣ ತಡೆಯುತ್ತಾರೆ. ಹೇಳಿದ್ದೆಲ್ಲ ಇಷ್ಟು ಸಲ ಕೇಳಿಸುವುದಾದರೆ ಹೇಳಲು ಯೋಗ್ಯವಾದದ್ದು ಏನು? ಯೋಚಿಸಿ, ಯೋಚಿಸಿ, ತಮ್ಮ ಹೆಸರನ್ನೇ ಕೂಗುತ್ತಾರೆ. ಬ್ಯಾಂಕಿನ ಅಧಿಕಾರಿಯಂತಿದ್ದ ಒಬ್ಬರು ಇನಿಷಿಯಲ್ಲು ಸಮೇತ ಕೂಗಿದರು.

ಮಕ್ಕಳು ಇಳಿದು ಹೋದ ಮೇಲೆ ನಾನು ಗೋಡೆಗೆ ಕಿವಿ ಕೊಟ್ಟು ಕೂತೆ. ಅತ್ತೆ, ನನ್ನಾಕೆ ಆಚೆ ಬದಿಯಲ್ಲಿ ಮಂಡಿ ನೀವಿಕೊಳ್ಳುತ್ತಿದ್ದರು. ಅವರ ಪಿಸುಮಾತು ಗೋಡೆ ಹಿಡಿದು ಸುತ್ತಿ ಬಂದು ನನ್ನ ಕಿವಿಯ ಪಕ್ಕದಲ್ಲೇ ಇಳಿಯಿತು: "ಆಟೋ ಮಾಡದೆ ನಡೆಸಿದ ನೋಡಮ್ಮ. ಥೇಟ್ ನಮ್ಮಣ್ಣ!"

ನಮ್ಮಪ್ಪ ಆಟೋ ಮೀಟರನ್ನು ವೈರಿಯಂತೆ ನೋಡುತ್ತಿದ್ದವರು. ನಾನು ಹಾಗಾಗಬಾರದೆಂದು ಬಹಳ ಕಾಲದಿಂದ ಅಂದುಕೊಂಡಿದ್ದೇನೆ.

ಆದಿಲ್ ಶಾಹಿಗಳ ಕಷ್ಟ ನನಗೆ ಅರ್ಥವಾದದ್ದು ಅಲ್ಲಿಂದ. ಅದೇ ದಿನ ಇಬ್ರಾಹಿಂ ರೋಜಾ ನೋಡಿದೆವು (ಆಟೋದಲ್ಲೇ). ಮಹಮ್ಮದನ ಅಪ್ಪ ಎರಡನೇ ಇಬ್ರಾಹಿಂ ಸಂಗೀತದ ಹುಚ್ಚಿನವನು, 'ಕಿತಾಬ್-ಎ-ನವರಸ್' ಬರೆದವನು; 1627ರಲ್ಲಿ ತೀರಿಕೊಂಡು ಇಲ್ಲೇ ಮಲಗಿದ್ದಾನೆ. ಕಿಟಕಿಯ ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಬೆಳಕು ಆ ಬರಹದ ಸಂದಿಯಿಂದಲೇ ಒಳಗೆ ಬರಬೇಕು. ನನ್ನ ಕೇಳಿದರೆ ಊರಿನಲ್ಲಿ ಇದೇ ಚೆಂದ. ಇಂಥ ಅಪ್ಪನನ್ನು ನಾಜೂಕಿನಲ್ಲಿ ಮೀರಿಸುವುದು ಆಗದ ಮಾತು. ಮಗನಿಗೆ ಉಳಿದದ್ದು ಗಾತ್ರ ಒಂದೇ, ಕಟ್ಟಿಯೇಬಿಟ್ಟ.

ಮಧ್ಯಾಹ್ನ ಖಾನಾವಳಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಜೊತೆಗೆ ಹಸಿ ಮೆಂತ್ಯದ ಸೊಪ್ಪು. ಮುದ್ದೆಯವರಾದ ನಮಗೆ ರೊಟ್ಟಿ ಎಷ್ಟಕ್ಕೆ ನಿಲ್ಲಿಸಬೇಕೆಂಬ ಅಂದಾಜಿರಲಿಲ್ಲ. ಬಡಿಸುವ ಹುಡುಗ "ಇನ್ನೊಂದ್ ಹಾಕ್ಲೇನ್ರಿ?" ಎಂದು ಕೇಳುವಷ್ಟರಲ್ಲಿ ಹಾಕಿಯೇ ಆಗಿರುತ್ತಿತ್ತು.

ಮರುದಿನ ಮಲಿಕ್-ಎ-ಮೈದಾನ್ ತೋಪು. ಸುಮಾರು 55 ಟನ್ ತೂಕ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿ ಸಿಂಹದ್ದು, ಹಲ್ಲಿನ ನಡುವೆ ಆನೆ. 1854ರಲ್ಲಿ ಇದನ್ನು ಹರಾಜಿಗಿಟ್ಟಾಗ ಬಂದ ಕೂಗು 150 ರೂಪಾಯಿ, ಆಮೇಲೆ ಮಾರಾಟ ರದ್ದಾಯಿತು. ಅತ್ತೆ ತೆಂಗಿನಕಾಯಿ ಆರಿಸುವವರಂತೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, "ನಮ್ಮಣ್ಣ ಇದ್ದಿದ್ರೆ ನೂರಕ್ಕೆ ಕೇಳ್ತಿದ್ದ" ಅಂದರು.

ಕೊನೆಗೆ ಬಾರಾ ಕಮಾನ್. ಮಹಮ್ಮದನ ಮಗ ಎರಡನೇ ಅಲಿ ತನ್ನ ಗೋರಿಗೆಂದು ಶುರು ಮಾಡಿದ್ದು. ಅಪ್ಪನ ಗುಮ್ಮಟವನ್ನೂ ಮೀರಿಸುವ ಹಟವಿತ್ತೆಂದು ಊರವರು ಹೇಳುತ್ತಾರೆ. 1672ರಲ್ಲಿ ಅವನು ಹೋದ. ಕರಿಕಲ್ಲಿನ ಕಮಾನುಗಳು ಎದ್ದು ನಿಂತಿವೆ, ಮೇಲೆ ಆಕಾಶ. ಯಾಕೆ ಮುಗಿಸಲಿಲ್ಲ ಎಂದು ಅತ್ತೆ ಆಟೋದವನನ್ನೇ ಕೇಳಿದರು.

"ಅವ್ರಪ್ಪ ಅಷ್ಟ್ ದೊಡ್ಡದು ಕಟ್ಟಿಟ್ಟು ಹೋದ್ರ ಮಗಾ ಏನ್ ಮಾಡ್ತಾನ್ರಿ ಅಮ್ಮಾರ?"

"ಹೌದಪ್ಪ. ಇವನೂ ಅಷ್ಟೇ. ನಮ್ಮಣ್ಣ ಕಟ್ಟಿದ ಮನೆ ಮೇಲೆ ಇನ್ನೊಂದು ಮಹಡಿ ಎಬ್ಬಿಸ್ತೀನಿ ಅಂತ ತಾರಸಿ ಮೇಲೆ ಕಂಬಿ ಬಿಟ್ಟುಕೊಂಡು ಎಷ್ಟು ವರ್ಷ ಆಯ್ತೋ!"

ನಾನು ಕಮಾನುಗಳ ಫೋಟೊ ತೆಗೆಯುವುದರಲ್ಲಿ ಮಗ್ನನಾದೆ. ನನ್ನಾಕೆ ನನ್ನ ಪರ ವಹಿಸಿದಳು.

"ಪಾಪ, ದಂಡವೇನೂ ಆಗಿಲ್ಲ ಅತ್ತೆ. ಆ ಕಂಬಿಗೆ ಹಗ್ಗ ಕಟ್ಟೇ ನಾನು ಬಟ್ಟೆ ಒಣಗಿಸೋದು."