ಕಾಲಕ್ಷಯಾಧಿಕರಣ: ಬಂದರಿನ ಮಂಡಿಯ ಕಂಪ್ಯೂಟರ್ ಕುರಿತು

ವಿಷಯ, ಸಂಶಯ, ಪೂರ್ವಪಕ್ಷ, ಉತ್ತರ, ನಿರ್ಣಯ ಎಂಬ ಐದು ಅಂಗಗಳಿಲ್ಲದೆ ಅಧಿಕರಣವಿಲ್ಲ ಎಂಬುದು ಮೀಮಾಂಸಕರ ಮತ. ಪ್ರಸ್ತುತ ಗ್ರಂಥವೂ ಆ ಜಾಡನ್ನೇ ಹಿಡಿದಿದೆ.

ವಿಷಯ

ಮಂಗಳೂರಿನ ಹಳೆ ಬಂದರಿನಲ್ಲಿ, ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ಸಾಮಾನು ತುಂಬಿಕೊಳ್ಳುವ ಕಡೆಗೆ ಕೂಗಳತೆಯಲ್ಲಿ, ಒಂದು ಮಂಡಿ. ಅಲ್ಲಿನ ಕಂಪ್ಯೂಟರ್ ಹಗಲಿಡೀ ಸರಿಯಾದ ಸಮಯವನ್ನೇ ತೋರಿಸುತ್ತದೆ. ರಾತ್ರಿ ಸ್ವಿಚ್ ಆರಿಸಿ ಬೆಳಗ್ಗೆ ಹಾಕಿದರೆ ಗಂಟೆಗಟ್ಟಲೆ ಹಿಂದೆ. ರಜೆ ಕಳೆದು ಬಂದರೆ ದಿನಗಟ್ಟಲೆ ಹಿಂದೆ.

ಸಂಶಯ

ಇದು ಯಂತ್ರದ ದೋಷವೋ, ಊರಿನ ಗುಣವೋ?

ಪೂರ್ವಪಕ್ಷ

ಸೂರ್ಯವಾದಿಗಳಾದ ಧಣಿಗಳ ಪ್ರಕಾರ ದೋಷವೇ ಇಲ್ಲ. ಭಾರತೀಯ ಕಾಲಮಾನ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಮಂಗಳೂರು ಇರುವುದು ಸುಮಾರು 74.8ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ ಅರ್ಧ ಗಂಟೆ ತಡ. "ಕಂಪ್ಯೂಟರಿಗೆ ಊರಿನ ಮೇಲೆ ಅಭಿಮಾನ ಉಂಟು ಮಾರಾಯ್ರೇ!"

ಸೆಖೆವಾದಿಗಳಾದ ರೈಟರರು ಎಲ್ಲವನ್ನೂ ಏಪ್ರಿಲ್ ತಿಂಗಳ ತಲೆಗೆ ಕಟ್ಟುತ್ತಾರೆ. ವೈರಸ್‌ವಾದಿಗಳು ಆಂಟಿವೈರಸ್ ಹಾಕಿಸಿ, ದುಡ್ಡು ತೆತ್ತು, ಮೌನವಾಗಿದ್ದಾರೆ. ಇತಿಹಾಸವಾದಿಗಳ ಉದಾಹರಣೆ ಹಂಪನಕಟ್ಟೆಯದು: ಗಡಿಯಾರ ಗೋಪುರವನ್ನೇ ಕೆಡವಿ, ವರ್ಷಗಟ್ಟಲೆ ಅದಿಲ್ಲದೆ ಬದುಕಿ, ಮತ್ತೆ ಕಟ್ಟಿಕೊಂಡ ಊರಿದು, ಒಂದು ಕಂಪ್ಯೂಟರಿನ ಗಡಿಯಾರಕ್ಕೆ ಇಷ್ಟು ಗಡಿಬಿಡಿ ಎಂತಕ್ಕೆ?

ಉತ್ತರ

ಸೂರ್ಯವಾದ ನಿಲ್ಲದು. ಊರಭಿಮಾನದ ಅಂತರ ದಿನವೂ ಅದೇ ಅರ್ಧ ಗಂಟೆ ಇರಬೇಕು, ರಜೆ ಬಂದಾಗ ಬೆಳೆಯಬಾರದು. ಅಂತರ ಕರಾರುವಾಕ್ಕಾಗಿ ಐದೂವರೆ ಗಂಟೆ ಇದ್ದಿದ್ದರೆ ಕಾಲವಲಯದ ಸೆಟ್ಟಿಂಗ್ ತಪ್ಪಿದೆ ಎನ್ನಬಹುದಿತ್ತು. ಅದೂ ಅಲ್ಲ.

ಸೆಖೆವಾದಕ್ಕೆ ಅರ್ಧ ಸತ್ಯದ ಬಲವಿದೆ. ಮದರ್‌ಬೋರ್ಡಿನಲ್ಲಿ ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕವೊಂದಿದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಉಳಿಯುವುದು ಒಂದು, ಅದೇ ಒಂದು ಸೆಕೆಂಡು. ಈ ಹರಳಿಗೆ ಹಿತವಾದ ಶಾಖ ಸುಮಾರು 25 ಡಿಗ್ರಿ. ಅದಕ್ಕಿಂತ ಹತ್ತು ಡಿಗ್ರಿ ಏರಿದರೆ ನಿಧಾನವಾಗುವುದು ನಿಜ. ಆದರೆ ಎಷ್ಟು? ದಿನಕ್ಕೆ ಒಂದು ಸೆಕೆಂಡಿನ ಮೂರನೇ ಒಂದು ಪಾಲು. ರೈಟರರು ಮಧ್ಯಾಹ್ನದ ಊಟದಿಂದ ಮರಳುವಾಗ ಆಗುವ ತಡ ಇದರ ಎಷ್ಟು ಪಟ್ಟು ಎಂಬುದು ಪ್ರತ್ಯೇಕ ಸಂಶೋಧನೆಯ ವಿಷಯ.

ಇನ್ನು ಸಿದ್ಧಾಂತಿ. ಕಂಪ್ಯೂಟರ್ ಓಡುತ್ತಿರುವಾಗಲೇ ಸಮಯ ಜಾರಿದರೆ ಸಂದೇಹ ಸಾಫ್ಟ್‌ವೇರಿನ ಮೇಲೆ. ಆರಿಸಿಟ್ಟಾಗ ಮಾತ್ರ ಜಾರಿದರೆ ಸೆಲ್ಲಿನ ಮೇಲೆ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಆ ಹರಳಿಗೆ ಉಸಿರು ಕೊಡುವುದು ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ. ಹೆಸರಿನಲ್ಲೇ ಅದರ ಜಾತಕವಿದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕೆಲವು ವರ್ಷ ದುಡಿದು ಅದು ಸೊರಗುತ್ತದೆ, ಗಡಿಯಾರ ರಾತ್ರಿಯಿಡೀ ತೂಕಡಿಸುತ್ತದೆ. ಪೂರ್ತಿ ಸತ್ತರೆ ಕಂಪ್ಯೂಟರ್ ವರ್ಷಗಳಷ್ಟು ಹಿಂದಕ್ಕೆ ಹೋಗಿ ಕೂರುತ್ತದೆ.

ಹಿಂದೆ ಹೋದರೆ ನಷ್ಟವೇನು ಎನ್ನಬೇಡಿ. ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ದಿನಾಂಕವೂ ಇದೆ, ಮುಗಿಯುವ ದಿನಾಂಕವೂ ಇದೆ. ಹಳೆಯ ವರ್ಷದಲ್ಲಿ ಕುಳಿತ ಬ್ರೌಸರ್ ಇಂದಿನ ಪ್ರಮಾಣಪತ್ರವನ್ನು ಇನ್ನೂ ಹುಟ್ಟಿಯೇ ಇಲ್ಲವೆಂದು ತಳ್ಳುತ್ತದೆ. ಜಿಎಸ್‌ಟಿ ಪೋರ್ಟಲ್ ತೆರೆಯದು, ಇ-ವೇ ಬಿಲ್ ಹುಟ್ಟದು. 50,000 ರೂಪಾಯಿಗೆ ಮೀರಿದ ಸರಕು ಹೊತ್ತ ಲಾರಿ ರಸ್ತೆಬದಿಯಲ್ಲೇ ತತ್ವಚಿಂತನೆಗೆ ತೊಡಗುತ್ತದೆ.

ನಿರ್ಣಯ

ಪ್ಲಗ್ ಕಳಚಿ, ಡಬ್ಬ ಬಿಚ್ಚಿ, ಹೊಸ ಸೆಲ್ಲನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸತಕ್ಕದ್ದು. ಬಯಾಸ್‌ನಲ್ಲಿ ದಿನಾಂಕ, ಗಂಟೆ ತುಂಬಿ, ಸಮಯ ಇಂಟರ್ನೆಟ್‌ನಿಂದ ತಾನಾಗಿ ಸರಿಹೋಗುವಂತೆ ಸೆಟ್ಟಿಂಗ್ ಮಾಡತಕ್ಕದ್ದು. ದೇಶದ ಸಮಯ ಕಾಯಲು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಪರಮಾಣು ಗಡಿಯಾರಗಳಿವೆ. ಸೂರ್ಯನನ್ನು ಸಾಕ್ಷಿಗೆ ಕರೆಯುವ ಅಗತ್ಯವಿಲ್ಲ. ವಾದ ಮುಂದುವರಿಸಬಯಸುವ ವಿದ್ವಾಂಸರು ಮೊದಲು ಸೆಲ್ ಬದಲಿಸಿ ಆಮೇಲೆ ವಾದಿಸಬೇಕಾಗಿ ವಿನಂತಿ.